ತಮ್ಮ ಕೆಲಸ ಬಿಟ್ಟು ಟ್ರಯಥ್ಲಾನ್‌ಗೆ ಹೋಗ್ತೀನಿ ಅಂತಾನೆ, ಎಫ್‌ಡಿ ಮುರಿಸಲೇ?

ಗಂಗಾವತಿ ಅಕ್ಕೋರು

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿ ತಾಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ಕೇಳಬೇಕಾಗಿರೋದು ನನ್ನ ತಮ್ಮನ ವಿಷಯ. ಅವನಿಗೆ 23 ವರ್ಷ. ಐಟಿಐ ಮುಗಿಸಿ ತೋರಣಗಲ್ಲು ಕಡೆ ಗುತ್ತಿಗೆ ಮೇಲೆ ಫಿಟ್ಟರ್ ಆಗಿದ್ದಾನೆ, ಕೈಗೆ 19,500 ಬರುತ್ತದೆ. ಎಡದಂಡೆ ಕಾಲುವೆಯಲ್ಲಿ ಬಿದ್ದು ಎದ್ದು ಈಜು ಕಲಿತವನು. ಎರಡು ವರ್ಷದ ಹಿಂದೆ ಗೆಳೆಯನೊಬ್ಬ ಅವನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಸ್ಪ್ರಿಂಟ್ ಟ್ರಯಥ್ಲಾನ್‌ನಲ್ಲಿ ನಿಲ್ಲಿಸಿದ. 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಎರವಲು ಸೈಕಲ್‌ನಲ್ಲೇ ತನ್ನ ವಯಸ್ಸಿನವರಲ್ಲಿ ಮೂರನೆಯವನಾಗಿ ಬಂದ. ಅವತ್ತಿನಿಂದ ಅವನ ಜೀವ ಅಲ್ಲೇ ಇದೆ.

ಈಗ "ಯುಗಾದಿಗೆ ಕೆಲಸ ಬಿಡ್ತೀನಕ್ಕ, ಎರಡು ವರ್ಷ ಕೊಡು, ಪ್ರೊಫೆಷನಲ್ ಆಗಿ ತೋರಿಸ್ತೀನಿ" ಅಂತಾನೆ. ನೋಡಿಟ್ಟಿರೋ ಸೈಕಲ್‌ಗೆ 2,80,000. ನನ್ನ ಹತ್ತಿರ ಇರೋದು 3,50,000ದ ಒಂದೇ ಎಫ್‌ಡಿ, ಆರು ವರ್ಷ ಪಗಾರದಲ್ಲಿ ಉಳಿಸಿದ್ದು. ಅಪ್ಪನಿಗೆ ನಾಲ್ಕು ಎಕರೆ ಭತ್ತದ ಗದ್ದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ಅಪ್ಪ ಒಂದು ವಾರ ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ನೀರು ಬಂದರೆ ನಮ್ಮ ಮನೆಯಲ್ಲಿ ದುಡ್ಡು, ಇಲ್ಲಾಂದ್ರೆ ಇಲ್ಲ.

ಆಟ ಬೇಡ ಅಂತ ನಮ್ಮಲ್ಲಿ ಯಾರೂ ಹೇಳಿಲ್ಲ. ಬೆಳಗಿನ ನಾಲ್ಕಕ್ಕೆ ಎದ್ದು ಅಂಬಲಿ ಕುಡಿದು ಓಡೋಕೆ ಹೋಗೋ ಹುಡುಗನಿಗೆ ಬೇಡ ಅನ್ನೋಕೆ ನನಗೆ ಬಾಯಿ ಬರೋದಿಲ್ಲ. ಆದರೆ ಈ ಆಟ ಅನ್ನ ಕೊಡ್ತದಾ? ವರ್ಷಕ್ಕೆ ಎಷ್ಟು ಹೋಗ್ತದೆ, ಎಷ್ಟು ಬರ್ತದೆ? ಮಾಡಿ ನೋಡಿದವರು ಇದ್ದರೆ ದಯವಿಟ್ಟು ಹೇಳಿ.

ಬಳ್ಳಾರಿ ಬಿಸಿಲು

ಅಕ್ಕೋರೆ, ನಾನು ಮಾಡಿ ನೋಡಿದವನು. 2019ರಿಂದ 2023ರ ತನಕ, 25ನೇ ವಯಸ್ಸಿನಿಂದ 29ರ ತನಕ, ಇದನ್ನೇ ಮಾಡಿದೆ. ಕೌಲ್ ಬಜಾರಿನಲ್ಲಿ ನಮ್ಮ ಮನೆ. ಅಪ್ಪ ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು, ಆ ರೂಢಿ ನನಗೂ ಬಂದಿದೆ. ನಾಲ್ಕೂ ವರ್ಷದ ಉದ್ದನೆ ಪುಸ್ತಕ ಇನ್ನೂ ಟ್ರಂಕಿನಲ್ಲಿದೆ. ನಿಮ್ಮ ಪ್ರಶ್ನೆ ಓದಿ ರಾತ್ರಿ ಹೊರಗೆ ತೆಗೆದೆ. 2022ರ ಪುಟದಿಂದ ಬರೆಯುತ್ತೇನೆ, ಆ ವರ್ಷವೇ ನಾನು ಚೆನ್ನಾಗಿ ಓಡಿದ್ದು.

ಮನೆ ಊಟದ ಮೇಲೆ ನನಗೆ ಅಂತಲೇ ಮೊಟ್ಟೆ, ಹಾಲು, ಶೇಂಗಾ, ಬಾಳೆಹಣ್ಣು, ಕೋಳಿ, ರೇಸಿನಲ್ಲಿ ತಗೊಳ್ಳೋ ಜೆಲ್ಲು, ಎಲ್ಲ ಸೇರಿ ತಿಂಗಳಿಗೆ 9,000, ಅಂದರೆ ವರ್ಷಕ್ಕೆ 1,08,000. ಆನ್‌ಲೈನ್ ಕೋಚ್‌ಗೆ 72,000. ಈಜುಕೊಳಕ್ಕೆ 18,000. ಶೂ ಮೂರು ಜೊತೆ, 27,000. ಟೈರು, ಟ್ಯೂಬು, ಚೈನು, ಸರ್ವಿಸ್ 31,000. ಸಂಡೂರು ದಾರಿಯಲ್ಲಿ ಅದಿರಿನ ಕೆಂಪು ಧೂಳು ಚೈನನ್ನು ಅರದಂತೆ ತಿನ್ನುತ್ತದೆ. ಬೇರೆಯವರು ವರ್ಷ ಓಡಿಸೋ ಚೈನು ನನಗೆ ನಾಲ್ಕು ತಿಂಗಳಿಗೆ ಸವೆಯುತ್ತಿತ್ತು. ಫಿಸಿಯೋ ಮತ್ತು ಒಂದು ಸ್ಕ್ಯಾನಿಂಗ್ 24,000. ನಾಲ್ಕು ರೇಸುಗಳ ಎಂಟ್ರಿ, ಓಡಾಟ, ರೂಮು 1,46,000. ಒಟ್ಟು 4,26,000. ಸೈಕಲ್ ಇದರಲ್ಲಿ ಇಲ್ಲ. ಅದನ್ನು ಮೊದಲೇ ಸೆಕೆಂಡ್ ಹ್ಯಾಂಡ್ 1,35,000ಕ್ಕೆ ತಗೊಂಡಿದ್ದೆ.

ಬಂದಿದ್ದು? ಮೂರು ಸಣ್ಣ ರೇಸುಗಳ ಬಹುಮಾನ ಸೇರಿ 38,000. ಬೇಸಿಗೆಯಲ್ಲಿ ಮಕ್ಕಳಿಗೆ ಈಜು ಕಲಿಸಿ 45,000. ಒಂದು ಅಂಗಡಿಯವರು ಜೆರ್ಸಿ ಮೇಲೆ ಹೆಸರು ಹಾಕಿಸಿ 60,000 ಕೊಡ್ತೀವಿ ಅಂದವರು 20,000 ಕೊಟ್ಟು ಆಮೇಲೆ ಫೋನ್ ಎತ್ತಲಿಲ್ಲ. ಒಟ್ಟು 1,03,000. ಉಳಿದ 3,23,000 ಅವ್ವನ ಬಳೆ ಗಿರವಿ ಇಟ್ಟು ಮತ್ತು ಅಣ್ಣನ ಪಗಾರದಿಂದ ಬಂತು. ಬಳೆ ಬಿಡಿಸಿಕೊಳ್ಳೋಕೆ ನನಗೆ ಎರಡೂವರೆ ವರ್ಷ ಹಿಡಿಯಿತು.

ನಿಮ್ಮ ತಮ್ಮ ಮೊಬೈಲಿನಲ್ಲಿ ನೋಡೋದು ಬೇರೆ ಲೋಕ. ಹವಾಯಿಯ ಕೋನಾದಲ್ಲಿ ಐರನ್‌ಮ್ಯಾನ್ ಅನ್ನೋ ಉದ್ದ ದೂರದ ಟ್ರಯಥ್ಲಾನ್‌ನ ವಿಶ್ವ ಚಾಂಪಿಯನ್‌ಶಿಪ್ ಗೆದ್ದರೆ 1,25,000 ಡಾಲರ್ ಕೊಟ್ಟಿದ್ದಾರೆ. 2024ರಲ್ಲಿ ಶುರುವಾದ ಟಿ100 ಅನ್ನೋ ಪ್ರೊಫೆಷನಲ್ ರೇಸುಗಳ ಸರಣಿಯಲ್ಲಿ ಆ ವರ್ಷ ಒಂದೊಂದು ರೇಸಿಗೆ ಎರಡೂವರೆ ಲಕ್ಷ ಡಾಲರ್ ಬಹುಮಾನ, ಗೆದ್ದವರಿಗೆ 25,000 ಡಾಲರ್, ನಮ್ಮ ದುಡ್ಡಿನಲ್ಲಿ ಇಪ್ಪತ್ತು ಲಕ್ಷದ ಮೇಲೆ. ಆದರೆ ಆ ಸಾಲಿನಲ್ಲಿ ನಿಲ್ಲೋಕೆ ಗಂಡಸರು ಇಪ್ಪತ್ತು, ಹೆಂಗಸರು ಇಪ್ಪತ್ತು ಜನರಿಗಷ್ಟೇ ಜಾಗ, ಅದೂ ಇಡೀ ಜಗತ್ತಿನಿಂದ. ಬೇರೆ ಪ್ರೊ ರೇಸುಗಳಲ್ಲಿ ಮೊದಲ ಹತ್ತು ಜನ ದಾಟಿದ ಮೇಲೆ ಸಾಮಾನ್ಯವಾಗಿ ಏನೂ ಇರೋದಿಲ್ಲ. ಹನ್ನೊಂದನೆಯವನು ವಿಮಾನದ ಟಿಕೆಟ್ ದುಡ್ಡನ್ನೂ ತನ್ನ ಜೇಬಿನಿಂದಲೇ ಕೊಟ್ಟು ಮನೆಗೆ ಬರಬೇಕು.

ಇನ್ನೊಂದು ವಿಷಯ, ಇದನ್ನು ನನಗೆ ಯಾರಾದರೂ 25ರಲ್ಲೇ ಹೇಳಿದ್ದರೆ ಅನಿಸುತ್ತದೆ. ಟ್ರಯಥ್ಲಾನ್ ಅಂದರೆ ಒಂದೇ ಆಟ ಅಲ್ಲ. ಒಲಿಂಪಿಕ್ ದೂರ ಅಂದರೆ ಒಂದೂವರೆ ಕಿ.ಮೀ. ಈಜು, 40 ಸೈಕಲ್, 10 ಓಟ. ರಾಷ್ಟ್ರೀಯ ಕ್ರೀಡಾಕೂಟ, ಏಷ್ಯನ್ ಗೇಮ್ಸ್ ಎಲ್ಲ ಈ ಸಣ್ಣ ದೂರಗಳಲ್ಲೇ. 70.3 ಅಂದರೆ ಅರ್ಧ ಐರನ್‌ಮ್ಯಾನ್, 1.9 ಕಿ.ಮೀ. ಈಜು, 90 ಸೈಕಲ್, 21.1 ಓಟ. ಗೋವಾದಲ್ಲಿ 2019ರಿಂದ ನಡೆಯೋದು ಅದು. ನಾನು ಗೋವಾಕ್ಕೆ ಮನಸೋತೆ. ಬಳ್ಳಾರಿಯಿಂದ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ನೇರ ಗೋವಾ, ಅದೂ ಒಂದು ಕಾರಣ. 5 ಗಂಟೆ 12 ನಿಮಿಷದಲ್ಲಿ ಮುಗಿಸಿ ಬಂದೆ. ಓಣಿಯವರು ಗಡಿಗಿ ಚನ್ನಪ್ಪ ಸರ್ಕಲ್‌ನಲ್ಲಿ ಬ್ಯಾನರ್ ಕಟ್ಟಿದರು, ಅವ್ವ ಅತ್ತಳು. ಆ ದಿನ ನನಗೆ ಈಗಲೂ ದೊಡ್ಡದು. ಆದರೆ ಆ ಮೆಡಲ್ ಇಟ್ಟುಕೊಂಡು ಯಾವ ನೌಕರಿಗೂ ಅರ್ಜಿ ಹಾಕೋಕೆ ಆಗಲಿಲ್ಲ.

ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ಪಟ್ಟಿ 2020ರ ಸೆಪ್ಟೆಂಬರ್‌ನಲ್ಲಿ 43 ಆಟಗಳಿಂದ 63ಕ್ಕೆ ಏರಿತು. ಆಗ ಸೇರಿದ್ದರಲ್ಲಿ ಟ್ರಯಥ್ಲಾನ್ ಕೂಡ ಇದೆ. ಅದಕ್ಕೆ ಬೇಕಾಗೋದು ಫೆಡರೇಷನ್ ನಡೆಸೋ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ರಾಜ್ಯದ ಪರವಾಗಿ ಆಡಿದ ಪ್ರಮಾಣಪತ್ರ, ನಮೂನೆ 2 ಅಂತಾರೆ. ದುಡ್ಡು ಕಟ್ಟಿ ಓಡಿ ಮುಗಿಸಿದ ರೇಸಿನ ಸರ್ಟಿಫಿಕೇಟ್ ಅಲ್ಲಿ ನಡೆಯೋದಿಲ್ಲ. ನಮ್ಮ ದೇಶದ ಮುಂಚೂಣಿ ಟ್ರಯಥ್ಲೀಟ್‌ಗಳಲ್ಲಿ ಎಷ್ಟೋ ಮಂದಿ ಸರ್ವಿಸಸ್‌ನವರು, ಅಂದರೆ ಸೇನಾಪಡೆಗಳ ತಂಡದವರು. 2019ರಲ್ಲಿ ಗೋವಾ ಗೆದ್ದ ಬಿಶ್ವೋರ್ಜಿತ್ ಸೈಖೋಮ್ ಕೂಡ. ಅವರಿಗೆ ತಿಂಗಳಾದರೆ ಪಗಾರ ಬರುತ್ತದೆ, ಊಟದ ಚಿಂತೆ ಇಲ್ಲ. ಬಹುಮಾನದ ದುಡ್ಡಿನಲ್ಲೇ ಮನೆ ನಡೆಸುತ್ತೇನೆ ಅಂತ ನಿಂತವರನ್ನು ಆ ನಾಲ್ಕು ವರ್ಷದಲ್ಲಿ ನಾನು ನಮ್ಮ ಸುತ್ತಮುತ್ತ ಕಾಣಲಿಲ್ಲ.

ಹಾಗಾಗಿ ಯುಗಾದಿಗೆ ಕೆಲಸ ಬಿಡಿಸಬೇಡಿ. ಎಫ್‌ಡಿ ಮುಟ್ಟಬೇಡಿ. 2,80,000ದ ಸೈಕಲ್ ಈಗ ಬೇಡವೇ ಬೇಡ. ಒಲಿಂಪಿಕ್ ದೂರದ ಎಲೀಟ್ ರೇಸಿನಲ್ಲಿ ಒಬ್ಬರ ಹಿಂದೆ ಒಬ್ಬರು ಗುಂಪಾಗಿ ಸೈಕಲ್ ಹೊಡೆಯಲು ಅನುಮತಿ ಇದೆ, ಸಾಧಾರಣ ರೋಡ್ ಬೈಕ್ ಸಾಕು. ನೀರಿನಿಂದ ಮುಂದಿನ ಗುಂಪಿನ ಜೊತೆ ಎದ್ದು ಬರೋದೇ ಅಲ್ಲಿ ದೊಡ್ಡದು. ಕಾಲುವೆಯಲ್ಲಿ ಈಜಿದ ಹುಡುಗ ಅಂದಿರಲ್ಲ, ಅವನ ಆಸ್ತಿ ಅದೇ. ಮೊದಲು ಕೊಳದಲ್ಲಿ 1500 ಮೀಟರ್ ಎಷ್ಟು ನಿಮಿಷಕ್ಕೆ ಈಜುತ್ತಾನೆ ಕೇಳಿ ಹೇಳಿ.

ಕುಷ್ಟಗಿ ಓಟ

ಬಿಸಿಲಣ್ಣ, ನಿಮ್ಮ ಲೆಕ್ಕ ಖರೇ ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ಹಿಂಗ ಮೊದಲ ದಿನಾನ ಪುಸ್ತಕ ತೆಗೆದು ಕುಂತ್ರ ನಮ್ಮ ಭಾಗದಾಗ ಯಾವ ಹುಡುಗನೂ ಆಟಕ್ಕ ಇಳಿಯಂಗಿಲ್ರಿ. ನಾನೂ ಹಿಂಗ ಅಂಜಿ ಬಿಟ್ಟಾಂವ. ಹತ್ತು ಸಾವಿರ ಮೀಟರ್ ಓಡ್ತಿದ್ದೆ, ಯೂನಿವರ್ಸಿಟಿಗೆ ಎರಡನೇದಾಂವ. ಅಪ್ಪ "ಹೊಟ್ಟಿಗೆ ಏನ್ ತಿಂತಿ" ಅಂದ, ಬಿಟ್ಟೆ. ಈಗ 34. ಈಗ್ಲೂ ಹೆದ್ದಾರಿ ಬಾಜೂಕ ಯಾರರ ಓಡೋದು ಕಂಡ್ರ ಗಾಡಿ ನಿಲ್ಲಿಸಿ ನೋಡ್ತೀನಿ.

ಅಕ್ಕಾರ, ಅಹಮದಾಬಾದಿನ ಪ್ರಜ್ಞಾ ಮೋಹನ್ ಅಂತ ಅದಾರ. ಸಿಎ ಓದಿದವರು. 2019ರ ಸೌತ್ ಏಷ್ಯನ್ ಗೇಮ್ಸ್‌ನಾಗ ಬಂಗಾರ, 2022ರಾಗ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್‌ನಾಗ ಭಾರತದ ಕಡಿಂದ ಟ್ರಯಥ್ಲಾನ್ ಓಡ್ಯಾರ. ಓದನ್ನೂ ಬಿಡಲಿಲ್ಲ, ಆಟಾನೂ ಬಿಡಲಿಲ್ಲ. ನಿಮ್ಮ ತಮ್ಮಗ ಪೂರ್ತಿ ಬ್ಯಾಡ ಅನಬ್ಯಾಡ್ರಿ, ಅಷ್ಟ ನನ್ನ ಮಾತು.

ರಾಯಚೂರು ಲೆಕ್ಕಪತ್ರ

ನಾನು ರಾಯಚೂರಿನಲ್ಲಿ ತೆರಿಗೆ ರಿಟರ್ನ್ಸ್ ತುಂಬುವ ಕೆಲಸ ಮಾಡುತ್ತೇನೆ. ಎರಡೇ ಮಾತು. ಪ್ರಾಯೋಜಕರು ಸೈಕಲ್, ಶೂ ಕೊಟ್ಟರೆ "ದುಡ್ಡು ಕೊಟ್ಟಿಲ್ಲವಲ್ಲ" ಅಂತ ಸುಮ್ಮನಿರಬೇಡಿ, ಅದೂ ಆದಾಯವೇ. ವಸ್ತುರೂಪದಲ್ಲಿ ಕೊಟ್ಟಿದ್ದು ವರ್ಷಕ್ಕೆ 20,000 ದಾಟಿದರೆ ಕೊಟ್ಟವರು ಶೇ. 10ರಷ್ಟು ಟಿಡಿಎಸ್ (ಮೂಲದಲ್ಲೇ ತೆರಿಗೆ) ಹಿಡಿಯಬೇಕು ಅನ್ನುವ ನಿಯಮ 2022ರ ಜುಲೈಯಲ್ಲಿ ಬಂತು. ಒಪ್ಪಂದ ಬಾಯಿಮಾತಿನಲ್ಲಿ ಬೇಡ. ಒಂದು ಹಾಳೆಯ ಮೇಲಾದರೂ ಮೊತ್ತ, ಕಂತು, ದಿನಾಂಕ ಬರೆಸಿ ಸಹಿ ಹಾಕಿಸಿಕೊಳ್ಳಿ. ಬಳ್ಳಾರಿಯವರ ಆ 40,000 ಹೋಗಿದ್ದು ಓದಿ ನನಗೆ ನಿಜವಾಗಿಯೂ ನೋವಾಯಿತು.

ಎರಡನೆಯದು ಆರೋಗ್ಯ ವಿಮೆ. ಪಾಲಿಸಿಗಳಲ್ಲಿ "ಅಪಾಯಕಾರಿ ಅಥವಾ ಸಾಹಸ ಕ್ರೀಡೆಯಲ್ಲಿ ವೃತ್ತಿಪರರಾಗಿ ಪಾಲ್ಗೊಂಡು ಆದ ಗಾಯ"ವನ್ನು ಹೊರಗಿಡುವ ಷರತ್ತು ಇರುತ್ತದೆ. ಹವ್ಯಾಸಿಯಾಗಿ ಬಿದ್ದರೆ ಸಿಗುವ ದುಡ್ಡು, ವೃತ್ತಿಪರ ಎಂದು ಬರೆಸಿಕೊಂಡ ಮೇಲೆ ತಕರಾರಿಗೆ ಬೀಳಬಹುದು. ಹುಡುಗ ಕೆಲಸ ಬಿಟ್ಟರೆ ಇಎಸ್‌ಐ ಕೂಡ ಹೋಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹೆದ್ದಾರಿಯಲ್ಲಿ ದಿನಾ ಸೈಕಲ್ ಹೊಡೆಯುವವನಿಗೆ ಇದು ಸಣ್ಣ ವಿಷಯ ಅಲ್ಲ. ವಿಮೆಯವರಿಂದ ಲಿಖಿತವಾಗಿ ಉತ್ತರ ತೆಗೆದುಕೊಳ್ಳಿ.

ಬಳ್ಳಾರಿ ಬಿಸಿಲು

ಕುಷ್ಟಗಿ ತಮ್ಮ, ನಿನ್ನ ಮಾತು ನನ್ನ ಎದೆಗೆ ಬಂತು. ನಾನು ಬೇಡ ಅನ್ನಲಿಲ್ಲ ಕಣಪ್ಪ. ನೀನೇ ಕೊಟ್ಟ ಉದಾಹರಣೆ ನೋಡು, ಅವರ ಕೈಯಲ್ಲಿ ಸಿಎ ಇತ್ತು. ಆಟ ಕೈಕೊಟ್ಟರೂ ಕೂರೋಕೆ ಒಂದು ಕುರ್ಚಿ ಇತ್ತು. ಅಕ್ಕೋರ ತಮ್ಮನಿಗೆ ಆ ಕುರ್ಚಿ 19,500ದ ಆ ನೌಕರಿ. ಅದನ್ನು ಒದ್ದು ಬಂದವನು ಆರು ತಿಂಗಳು ಕಳೆದ ಮೇಲೆ ಕೋಚ್ ಹೇಳಿದ್ದು ಓಡೋದಿಲ್ಲ, ದುಡ್ಡು ಸಿಗೋ ರೇಸು ಓಡುತ್ತಾನೆ. ನಾನೂ ಅದನ್ನೇ ಮಾಡಿದೆ. ನೋಯುತ್ತಿದ್ದ ಹಿಮ್ಮಡಿಯಲ್ಲೇ 10,000 ರೂಪಾಯಿ ಬಹುಮಾನಕ್ಕೆ ಓಡಿದೆ. ಆ ಬಹುಮಾನ ಬಂತು, ಮುಂದಿನ ಐದು ತಿಂಗಳು ಹೋಯಿತು. ದುಡ್ಡಿನ ಹೆದರಿಕೆ ಇದ್ದವನಿಗೆ ವಿಶ್ರಾಂತಿ ತಗೊಳ್ಳೋಕೆ ಧೈರ್ಯ ಇರೋದಿಲ್ಲ, ವಿಶ್ರಾಂತಿ ಇಲ್ಲದೆ ಈ ಆಟ ಇಲ್ಲ.

ಇನ್ನೊಂದು, ಕಾಮನ್‌ವೆಲ್ತ್ ಅಂದೆಯಲ್ಲ. 2026ರ ಗ್ಲಾಸ್ಗೋ ಕೂಟಕ್ಕೆ ಹತ್ತೇ ಆಟ ಇಟ್ಟುಕೊಂಡರು, ಟ್ರಯಥ್ಲಾನ್ ಕೈಬಿಟ್ಟರು. ಒಬ್ಬ ಆಟಗಾರ ನಾಲ್ಕು ವರ್ಷ ಕಾಯೋ ಬಾಗಿಲು ಹೀಗೆ ಯಾರದೋ ಕೋಣೆಯಲ್ಲಿ ಕೂತು ಮುಚ್ಚಿಬಿಡುತ್ತಾರೆ. ಸರ್ಕಾರದ ಟಾಪ್ಸ್ ಯೋಜನೆಯಲ್ಲಿ ಮುಖ್ಯ ಪಟ್ಟಿಯವರಿಗೆ ತಿಂಗಳಿಗೆ 50,000 ಕೊಡುತ್ತಾರೆ ನಿಜ, ಆದರೆ ಅದು ಒಲಿಂಪಿಕ್ ಪದಕದ ಆಸೆ ಇದ್ದವರಿಗೆ. ನಮ್ಮಂಥವರು ಅದನ್ನು ನೆಚ್ಚಿ ಮನೆ ಲೆಕ್ಕ ಹಾಕೋಕಾಗೋದಿಲ್ಲ.

ಗಂಗಾವತಿ ಅಕ್ಕೋರು

ಇಷ್ಟು ಬಿಚ್ಚಿ ಬರೆದಿದ್ದಕ್ಕೆ ಎಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ರಾತ್ರಿ ಊಟ ಆದ ಮೇಲೆ ತಮ್ಮನಿಗೆ ಇದನ್ನೆಲ್ಲ ಓದಿಸಿದೆ. ಬಳೆಯ ಸಾಲಿನ ಹತ್ತಿರ ನಿಂತ, ಫೋನ್ ಕೆಳಗಿಟ್ಟು ಅಂಗಳಕ್ಕೆ ಹೋದ. ಅರ್ಧ ಗಂಟೆ ಬಿಟ್ಟು ಬಂದು "ಅಕ್ಕ, ನಮೂನೆ 2 ಅಂದ್ರೇನು, ಅದಕ್ಕೆ ಯಾವ ರೇಸು?" ಅಂತ ಕೇಳಿದ. ಕುಷ್ಟಗಿಯವರು ಬರೆದಿದ್ದನ್ನು ಅಪ್ಪನಿಗೂ ಓದಿ ಹೇಳಿದೆ. ಅಪ್ಪ ಏನೂ ಅನ್ನಲಿಲ್ಲ. ಆದರೆ ಬೆಳಗ್ಗೆ ಹಾಲು ಅರ್ಧ ಲೀಟರ್ ಜಾಸ್ತಿ ತಂದಿಟ್ಟಿದ್ದರು.

ಕೆಲಸ ಬಿಡೋದಿಲ್ಲ ಅಂತ ಒಪ್ಪಿದ್ದಾನೆ. ನೈಟ್ ಶಿಫ್ಟ್ ತಪ್ಪಿಸೋಕೆ ಆಗ್ತದಾ ಸೂಪರ್‌ವೈಸರ್‌ನ ಕೇಳ್ತಾನಂತೆ. ಎಫ್‌ಡಿ ಹಾಗೇ ಇರಲಿ, ಅದರ ಬಡ್ಡಿಯಿಂದ ಈಜುಕೊಳದ ಫೀಸು ನಾನು ಕಟ್ಟುತ್ತೇನೆ. 1500 ಮೀಟರ್ ಕೊಳದಲ್ಲಿ ಯಾವತ್ತೂ ಅಳೆದಿಲ್ಲವಂತೆ, ಕಾಲುವೆಯಲ್ಲಿ ಸೇತುವೆಯಿಂದ ಸೇತುವೆಗೆ ಅಷ್ಟೇ ಅವನ ಲೆಕ್ಕ. ಬಿಸಿಲು ಅವರೆ, ನೀವು ಒಮ್ಮೆ ನೋಡಿ ಹೇಳ್ತೀರಾ?

ಬಳ್ಳಾರಿ ಬಿಸಿಲು

ಕಾಲುವೆಯಲ್ಲಿ ಹರಿವಿನ ಜೊತೆ ಈಜಿದ್ದನ್ನು ಲೆಕ್ಕಕ್ಕೆ ಹಿಡಿಯೋದು ಬೇಡ ಅಂತ ಹೇಳಿ. ಈ ಭಾನುವಾರ ಅವನಿಗೆ ರಜೆ ಇದ್ದರೆ ಬೆಳಗ್ಗೆ ಆರಕ್ಕೆ ಬಳ್ಳಾರಿ ಈಜುಕೊಳದ ಗೇಟಿನ ಹತ್ತಿರ ಬರಲಿ. ಗಡಿಯಾರ ನಾನು ತರುತ್ತೇನೆ. ಕನ್ನಡಕ, ಟೋಪಿ ಇಲ್ಲದಿದ್ದರೆ ಕೊಳ್ಳಬೇಡಿ, ನನ್ನ ಹಳೆಯವು ಇವೆ. ಈಜಿದ ಮೇಲೆ ಐದು ಕಿ.ಮೀ. ಓಡಿಸಿ ನೋಡುತ್ತೇನೆ, ಶೂ ಮಾತ್ರ ಮರೆಯದೆ ತರಲಿ.