ಗ್ರೂಪ್ ಪ್ರಾಜೆಕ್ಟಿಗೆ ಗೂಗಲ್ ಡಾಕ್ಸ್ ಹಿಸ್ಟರಿ ನೋಡಿ ಮಾರ್ಕ್ಸ್ ಕೊಡಬಹುದಾ?

ಕಾಮರ್ಸ್ ಮೇಡಂ, ಶಿವಮೊಗ್ಗ:
ಎಲ್ರಿಗೂ ನಮಸ್ಕಾರ. ಇಲ್ಲೇ ಒಂದು ಡಿಗ್ರಿ ಕಾಲೇಜಲ್ಲಿ ಪಾಠ ಮಾಡ್ತೀನಿ. ಐದೈದು ಜನರ ಗ್ರೂಪ್ ಮಾಡಿ ಅಡಿಕೆ ಬೆಳೆಗಾರರ ಖರ್ಚಿನ ಮೇಲೆ ಪ್ರಾಜೆಕ್ಟ್ ಕೊಟ್ಟಿದೀನಿ, 25 ಮಾರ್ಕ್ಸಿಗೆ. ಪ್ರತಿ ವರ್ಷ ಇಬ್ಬರು ದುಡೀತಾರೆ, ಉಳಿದವರದ್ದು ಬರೀ ಹೆಸರು, ಮಾರ್ಕ್ಸ್ ನೋಡಿದ್ರೆ ಎಲ್ರಿಗೂ ಒಂದೇ. ದುಡಿದ ಮಕ್ಕಳ ಮುಖ ನೋಡೋಕಾಗಲ್ಲ. ಈ ಸಲ ಎಲ್ಲಾ ಗೂಗಲ್ ಡಾಕ್ಸಲ್ಲೇ ಬರೀರಿ ಅಂದಿದೀನಿ, ವರ್ಷನ್ ಹಿಸ್ಟರೀಲಿ ಯಾರು ಏನು ಬರೆದ್ರು ಕಾಣುತ್ತಲ್ಲ, ಅದನ್ನ ನೋಡಿ ಹಂಚಿದ್ರೆ ನ್ಯಾಯ ಆಗುತ್ತಾ?

ಲ್ಯಾಬ್ ಮೇಷ್ಟ್ರು:
ಒಳ್ಳೇದು ಮೇಡಂ, ಆದ್ರೆ ನಿಮಗೆ ಎಡಿಟ್ ಆಕ್ಸೆಸ್ ಇರ್ಬೇಕು, ಬರೀ ವ್ಯೂ ಕೊಟ್ರೆ ಹಿಸ್ಟರಿ ಕಾಣಲ್ಲ. ಕಾಪಿ ಮಾಡಿ ಕಳಿಸಿದ ಫೈಲಲ್ಲೂ ಹಳೇ ಹಿಸ್ಟರಿ ಬರಲ್ಲ, ಹಾಗಾಗಿ ಫೈಲ್ ನೀವೇ ಮಾಡಿ ಶೇರ್ ಮಾಡಿ. ಒಬ್ಬೊಬ್ಬರ ಬರಹ ಒಂದೊಂದು ಬಣ್ಣದಲ್ಲಿ ಟೈಮ್ ಸಮೇತ ಕಾಣುತ್ತೆ, ಕೊನೇ ರಾತ್ರಿ ಒಂದೇ ಏಟಿಗೆ ನಾಲ್ಕು ಪೇಜ್ ಬಿದ್ದಿದ್ರೆ ಎಲ್ಲಿಂದಲೋ ತಂದು ಪೇಸ್ಟ್ ಮಾಡಿದ್ದು ಅಂತ ಅನುಮಾನ ಬರ್ಬೇಕು. ಎಣಿಸೋಕೆ ಮಾತ್ರ ಹೋಗ್ಬೇಡಿ. ನಮ್ಮಲ್ಲಿ ಕೋಡಿಂಗ್ ಪ್ರಾಜೆಕ್ಟಿಗೆ ಗಿಟ್‌ಹಬ್ (ಕೋಡ್ ಇಡೋ ವೆಬ್‌ಸೈಟ್), ಅಲ್ಲಿ ಬದಲಾವಣೆ ಮಾಡಿ ಸೇವ್ ಮಾಡೋದಕ್ಕೆ ಕಮಿಟ್ ಅಂತಾರೆ, ಒಂದು ಕಾಮಾ ಬದಲಾಯಿಸಿದ್ರೂ ಒಂದು ಕಮಿಟ್ಟೇ, ಮೇಷ್ಟ್ರು ಎಣಿಸ್ತಾರೆ ಅಂತ ಗೊತ್ತಾದ್ರೆ ಹುಡುಗ್ರು ಚೂರು ಚೂರು ಮಾಡಿ ಹಾಕ್ತಾರೆ.

ಹೊಸನಗರದ ಹುಡುಗಿ:
ಮೇಡಂ, ಸ್ಟೂಡೆಂಟ್ ಕಡೆಯಿಂದ ಒಂದು ಮಾತು. ನಮ್ಮೂರಲ್ಲಿ ಜೋರು ಮಳೆ ಬಂದ್ರೆ ಕರೆಂಟೂ ಇಲ್ಲ ನೆಟ್‌ವರ್ಕೂ ಇಲ್ಲ, ಸಿಗ್ನಲ್ ಬೇಕಂದ್ರೆ ಛತ್ರಿ ಹಿಡ್ಕೊಂಡು ಮನೆ ಹಿಂದಿನ ಗುಡ್ಡ ಹತ್ಬೇಕು. ಹೋದ ವರ್ಷ ಎಲೆಚುಕ್ಕಿ ರೋಗದ ಸರ್ವೇಗೆ ಮನೆ ಮನೆ ಸುತ್ತಿದ್ದು ನಾನು, ಔಷಧಿಗೆಷ್ಟಾಯ್ತು, ಮರ ಹತ್ತಿ ಅಡಿಕೆ ಕೊನೆ ಇಳಿಸೋ ಕೊನೆಗಾರರಿಗೆಷ್ಟಾಯ್ತು ಅಂತ ನೋಟ್‌ಬುಕ್ಕಲ್ಲಿ ಬರ್ಕೊಂಡು ಫೋಟೋ ತೆಗೆದು ವಾಟ್ಸಾಪಲ್ಲಿ ಕಳಿಸಿದೆ. ಟೈಪ್ ಮಾಡಿದ್ದು ಹಾಸ್ಟೆಲಲ್ಲಿರೋ ಫ್ರೆಂಡ್. ಹಿಸ್ಟರೀಲಿ ಪೂರ್ತಿ ಅವಳ ಬಣ್ಣ, ನನ್ನದು ಒಂದು ಸಾಲೂ ಇಲ್ಲ, ಮಾರ್ಕ್ಸೂ ಹಾಗೇ ಬಂತು. ತುಂಬಾ ಬೇಜಾರಾಗಿತ್ತು.

ತುಂಗಾತೀರ:
ಈ ತಂಗಿ ಹೇಳಿದ್ದೇ ಮುಖ್ಯ ವಿಷಯ. ಹಿಸ್ಟರಿ ತೋರಿಸೋದು ಟೈಪ್ ಮಾಡಿದೋರನ್ನ, ಕೆಲಸ ಮಾಡಿದೋರನ್ನಲ್ಲ. ಅದರ ಜೊತೆ ಮಕ್ಕಳ ಕೈಲೇ ರೇಟಿಂಗ್ ಕೊಡಿಸಿ. ಇಂಗ್ಲೆಂಡಿನ ಲಫ್ಬರೋ ಯೂನಿವರ್ಸಿಟೀಲಿ ವೆಬ್‌ಪಿಎ ಅಂತ ಒಂದು ಸಾಫ್ಟ್‌ವೇರ್ ಇದಕ್ಕೇ ಮಾಡಿದಾರೆ. ಪ್ರತಿಯೊಬ್ರೂ ತಮ್ಮನ್ನೂ ಸೇರಿಸಿ ಗ್ರೂಪಲ್ಲಿರೋ ಎಲ್ರಿಗೂ ಅಂಕ ಕೊಡ್ತಾರೆ, ಒಬ್ಬೊಬ್ರು ಕೊಟ್ಟಿದ್ದನ್ನ ಒಟ್ಟು 1 ಆಗೋ ಹಾಗೆ ಪಾಲು ಮಾಡಿ, ಒಬ್ಬರಿಗೆ ಬಂದ ಪಾಲುಗಳನ್ನೆಲ್ಲ ಕೂಡಿಸಿದ್ರೆ ಅವರ ಫ್ಯಾಕ್ಟರ್ ಸಿಗುತ್ತೆ, ಗ್ರೂಪಿನ ಮಾರ್ಕ್ಸನ್ನ ಅದರಿಂದ ಗುಣಿಸಬೇಕು. ಗ್ರೂಪಿಗೆ 20 ಬಂದಿದ್ರೆ 1.1 ಇರೋರಿಗೆ 22, 0.7 ಇರೋರಿಗೆ 14. ಗೂಗಲ್ ಫಾರ್ಮ್ ಮತ್ತೆ ಒಂದು ಶೀಟಲ್ಲಿ ಮುಗಿಯುತ್ತೆ. ನಾಲ್ಕು ಜನ ಫ್ರೆಂಡ್ಸ್ ಸೇರ್ಕೊಂಡು ಒಬ್ಬನ್ನ ತುಳಿಯೋದೂ ಉಂಟು, ಅದಕ್ಕೇ ಅರ್ಧ ಮಾರ್ಕ್ಸಿಗೆ ಮಾತ್ರ ಇದನ್ನ ಹಾಕಿ. ಹಿಸ್ಟರಿಗೂ ರೇಟಿಂಗಿಗೂ ತಾಳೆ ಆಗದಿದ್ರೆ ಆ ಮಗೂನ ಕರೆದು ಐದು ನಿಮಿಷ ವೈವಾ ಮಾಡಿ, ತೋಟ ಸುತ್ತಿದೋರು ಬಾಯಿ ಬಿಟ್ಟ ತಕ್ಷಣ ಗೊತ್ತಾಗುತ್ತೆ.

ಕಾಮರ್ಸ್ ಮೇಡಂ, ಶಿವಮೊಗ್ಗ:
ತುಂಬಾ ಥ್ಯಾಂಕ್ಸ್. ನೋಟ್‌ಬುಕ್ ಫೋಟೋಗಳನ್ನೂ ಬರೆದೋರ ಹೆಸರು ಹಾಕಿ ಅದೇ ಫೈಲಿಗೆ ಸೇರಿಸಿ ಅಂತ ನಾಳೆ ಕ್ಲಾಸಲ್ಲೇ ಹೇಳ್ತೀನಿ, ರೇಟಿಂಗ್ ಫಾರ್ಮೂ ಮೊದಲೇ ತೋರಿಸಿಬಿಡ್ತೀನಿ. ಸರ್, ಆ ಶೀಟಿನ ಫಾರ್ಮುಲಾ ಇದ್ರೆ ಇಲ್ಲೇ ಹಾಕ್ತೀರಾ?