ಮಗನ ಮನೆ ದೋಣಿಯಾಗಿದೆ. ನಾವಿಬ್ಬರು ಹೋಗಿ ಅದರಲ್ಲಿ ಇರಬಹುದೇ?

ಪ್ರಶ್ನೆ: ನಿವೃತ್ತ ಶಿಕ್ಷಕ, ನವನಗರ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರಗಳು. ನನ್ನ ಮಗ ಇಂಗ್ಲೆಂಡಿನಲ್ಲಿ ಕೆಲಸಕ್ಕೆ ಸೇರಿ ಆರು ವರ್ಷಗಳಾದವು. ಬಾಡಿಗೆ ಕಟ್ಟಿ ಸಾಕಾಗಿ, ಕಳೆದ ವರ್ಷ 57 ಅಡಿ ಉದ್ದದ ಹಳೆಯ ನ್ಯಾರೋಬೋಟ್ (ಕಾಲುವೆಯಲ್ಲಿ ಓಡಾಡುವ ಕಿರಿದಾದ ಉದ್ದನೆಯ ದೋಣಿ) ಒಂದನ್ನು ಕೊಂಡು, ಅದನ್ನು ಮರೀನಾ ಎಂಬ ದೋಣಿಗಳ ತಂಗುದಾಣದಲ್ಲಿ ಕಟ್ಟಿ, ಸೊಸೆಯೊಂದಿಗೆ ಅದರಲ್ಲಿಯೇ ಸಂಸಾರ ಹೂಡಿದ್ದಾನೆ. ಬರುವ ಏಪ್ರಿಲ್‌ನಿಂದ ಮೂರು ತಿಂಗಳು ನಾವಿಬ್ಬರೂ ಬಂದು ತಮ್ಮೊಂದಿಗೆ ಇರಬೇಕೆಂದು ಮಕ್ಕಳಿಬ್ಬರೂ ಒತ್ತಾಯಿಸುತ್ತಿದ್ದಾರೆ. ನನಗೆ 67 ವರ್ಷ, ಮನೆಯವರಿಗೆ 62. ಅವರಿಗೆ ಮೊಣಕಾಲು ನೋವು ಇದೆ.

ನಾವು ಹಳೇ ಬಾಗಲಕೋಟೆಯವರು. ಘಟಪ್ರಭೆಯ ಕಡೆಗಿದ್ದ ನಮ್ಮ ಮನೆ ಆಲಮಟ್ಟಿಯ ಹಿನ್ನೀರಿನ ಪಾಲಾಯಿತು. ಬಾಗಿಲು, ಚೌಕಟ್ಟು, ತೊಲೆಗಳನ್ನು ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿಕೊಂಡು ನವನಗರಕ್ಕೆ ಬಂದೆವು. ಅಂದಿನ ತಲೆಬಾಗಿಲೇ ಇಂದು ನಮ್ಮ ದೇವರ ಕೋಣೆಯ ಬಾಗಿಲಾಗಿದೆ. ನೀರು ಹತ್ತಿರ ಬಂತೆಂದರೆ ಮನೆ ಬಿಡುವ ಕಾಲ ಬಂತು ಎಂಬುದು ನನ್ನ ಮನೆಯವರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಹೀಗಿರುವಾಗ ಮಗ ತಾನಾಗಿಯೇ ನೀರಿನ ಮೇಲೆ ಹೋಗಿ ನೆಲೆಸಿದ್ದು ಅವರಿಗೆ ನಿದ್ದೆಗೆಡಿಸಿದೆ.

ಮಳೆ ಬಂದು ನೀರು ಏರಿದರೆ ದೋಣಿಯ ಗತಿಯೇನು? ಸ್ನಾನ, ಶೌಚ, ಅಡುಗೆಯ ವ್ಯವಸ್ಥೆ ವಯಸ್ಸಾದವರಿಗೆ ಒಗ್ಗುವಂತಿದೆಯೇ? ಇವೆರಡಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಮೂರನೆಯ ಪ್ರಶ್ನೆ. ಮುಳುಗಡೆಯಾದಾಗ ನಮಗೆ ಮನೆಗಿಂತ ಹೆಚ್ಚು ನೋವು ಕೊಟ್ಟದ್ದು ಓಣಿ ಚದುರಿದ್ದು. ಗೋಡೆಗೆ ಗೋಡೆ ಹೊಂದಿಕೊಂಡಿದ್ದವರು ಒಬ್ಬೊಬ್ಬರು ಒಂದೊಂದು ಸೆಕ್ಟರಿಗೆ ಹೋದರು. ಹಗ್ಗ ಬಿಚ್ಚಿದರೆ ಯಾರು ಎಲ್ಲಿಗೆ ಬೇಕಾದರೂ ಹೋಗಬಹುದಾದ ಆ ಜಾಗದಲ್ಲಿ, ಕಷ್ಟಕ್ಕೆ ಆಗುವ ನೆರೆಯವರು ಇರುತ್ತಾರೆಯೇ? ಅನುಭವ ಇದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಗೋಕಾಕದವನು, ಎಂಟು ವರ್ಷಗಳಿಂದ ಇಂಗ್ಲೆಂಡಿನಲ್ಲಿ ದೋಣಿಯಲ್ಲಿ ವಾಸ

ಗುರುಗಳೇ, ನಮಸ್ಕಾರ. ನಾನೂ ಘಟಪ್ರಭೆಯ ದಂಡೆಯವನೇ ಆದ್ದರಿಂದ ನಿಮ್ಮ ಅಂಜಿಕೆ ನನಗೆ ಅರ್ಥವಾಗುತ್ತದೆ.

ಮೊದಲು ನೀರಿನ ಮಾತು. ಮಗನ ಮರೀನಾ ಕಾಲುವೆಗೆ ಹೊಂದಿಕೊಂಡಿದೆಯೋ ನದಿಗೆ ಹೊಂದಿಕೊಂಡಿದೆಯೋ ಎಂಬುದನ್ನು ಅವನಿಂದ ತಿಳಿದುಕೊಳ್ಳಿ. ಇಲ್ಲಿನ ಕಾಲುವೆಗಳು ಹೆಚ್ಚಾಗಿ ಹದಿನೆಂಟನೆಯ ಶತಮಾನದ ಕೊನೆ ಮತ್ತು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಲಿದ್ದಲು ಮತ್ತಿತರ ಸರಕು ಸಾಗಿಸಲು ಮನುಷ್ಯರು ಅಗೆದವು. ಅವು ಹರಿಯುವ ಹೊಳೆಗಳಲ್ಲ. ಲಾಕ್ ಎಂದರೆ ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಬಾಗಿಲುಗಳ ಕಟ್ಟಡ. ಒಂದು ಲಾಕ್‌ನಿಂದ ಇನ್ನೊಂದು ಲಾಕ್‌ವರೆಗಿನ ನೀರು ಕಟ್ಟಿದ ಕೆರೆಯಂತೆ ಒಂದೇ ಮಟ್ಟದಲ್ಲಿ ನಿಂತಿರುತ್ತದೆ, ಹೆಚ್ಚಾದದ್ದು ಕೋಡಿಯ ಮೂಲಕ ಹೊರಗೆ ಹೋಗುತ್ತದೆ. ಆಲಮಟ್ಟಿಯಲ್ಲಿ ನೀರು 519.60 ಮೀಟರ್‌ಗೆ ನಿಂತಾಗ ದಂಡೆಯ ಹೊಲ ಮುಳುಗಿ, ಬೇಸಿಗೆಯಲ್ಲಿ ಅದೇ ಜಾಗ ಬಿರುಕುಬಿಟ್ಟ ಕೆಸರಾಗುವುದನ್ನು ನೀವು ಪ್ರತಿ ವರ್ಷ ನೋಡುತ್ತೀರಿ. ಅಂಥ ಏರಿಳಿತ ಕಾಲುವೆಗೆ ಇಲ್ಲ. ನದಿಯ ಪಕ್ಕದ ಮರೀನಾ ಆದರೆ ನೀರು ಏರುವುದು ನಿಜ. ಆದರೆ ಅಲ್ಲಿ ಸಾಮಾನ್ಯವಾಗಿ ದೋಣಿಯನ್ನು ಪಾಂಟೂನ್ ಎಂಬ ತೇಲುವ ಕಟ್ಟೆಗೆ ಕಟ್ಟಿರುತ್ತಾರೆ. ಆ ಕಟ್ಟೆ ನೀರಿನಲ್ಲಿ ನೆಟ್ಟ ಕಂಬಗಳ ಗುಂಟ ದೋಣಿಯೊಂದಿಗೇ ಏರಿ, ದೋಣಿಯೊಂದಿಗೇ ಇಳಿಯುತ್ತದೆ.

ಎರಡನೆಯದು, ಇಕ್ಕಟ್ಟು. ಇಲ್ಲಿನ ಕಿರಿದಾದ ಕಾಲುವೆಗಳ ಲಾಕ್‌ಗಳ ಅಗಲ ಸುಮಾರು 7 ಅಡಿ. ಅವುಗಳಲ್ಲಿ ಹಾಯ್ದು ಹೋಗಬೇಕಾದ್ದರಿಂದ ದೋಣಿಯ ಅಗಲವನ್ನು 6 ಅಡಿ 10 ಅಂಗುಲಕ್ಕೆ ಇಟ್ಟಿರುತ್ತಾರೆ. ಗೋಡೆಯ ದಪ್ಪ ಕಳೆದರೆ ಒಳಗೆ ಉಳಿಯುವುದು ಆರು ಅಡಿಯ ಆಸುಪಾಸು. ಅದರಲ್ಲಿಯೇ ಅಡುಗೆಕಟ್ಟೆ, ಅದರ ಪಕ್ಕದಲ್ಲಿಯೇ ನಡೆಯುವ ದಾರಿ. ಇಬ್ಬರು ಎದುರಾದರೆ ಒಬ್ಬರು ಅಡ್ಡ ತಿರುಗಿ ನಿಲ್ಲಬೇಕು. ತಾಯಿಯವರ ಮೊಣಕಾಲಿಗೆ ಕಷ್ಟವಾಗುವುದು ಒಳಗೆ ಇಳಿಯುವ ಮೆಟ್ಟಿಲು. ಅವು ಏಣಿಯಂತೆ ಕಡಿದಾಗಿರುತ್ತವೆ. ಕಟ್ಟೆಯ ಮೇಲೆ ಒಂದು ಗಟ್ಟಿ ಮಣೆ, ಒಳಗೆ ಎರಡೂ ಕಡೆ ಹಿಡಿಕೆ ಇವುಗಳನ್ನು ನೀವು ಹೊರಡುವ ಮೊದಲೇ ಹಾಕಿಸಲು ಮಗನಿಗೆ ಹೇಳಿ.

ಇನ್ನು ನಿಮ್ಮ ಮೂರನೆಯ ಪ್ರಶ್ನೆ. ನನ್ನ ಮಟ್ಟಿಗೆ ನಾನು ಎಂಟು ವರ್ಷ ದೋಣಿಯಲ್ಲಿ ಉಳಿದದ್ದು ನೆರೆಯವರಿಂದ. ಎರಡನೆಯ ಚಳಿಗಾಲದಲ್ಲಿ ನನಗೆ ಜ್ವರ ಬಂದು, ರಾತ್ರಿ ಒಲೆ ಆರಿಹೋಗಿ, ಬೆಳಿಗ್ಗೆ ಏಳಲಾಗದೆ ಮಲಗಿಬಿಟ್ಟಿದ್ದೆ. ಒಂಬತ್ತು ಗಂಟೆಯ ಹೊತ್ತಿಗೆ ದೋಣಿಯ ಪಕ್ಕಕ್ಕೆ ಯಾರೋ ಬೆರಳಗಂಟಿನಿಂದ ತಟ್ಟಿದರು. ಮೂರು ದೋಣಿಗಳ ಆಚೆ ಇರುವ ಎಪ್ಪತ್ತರ ಮುದುಕರು, ಅಲ್ಲಿಯವರೆಗೆ ನನ್ನೊಂದಿಗೆ ಹವೆಯ ಬಗ್ಗೆ ಎರಡು ಮಾತಿನ ಆಚೆ ಆಡಿದವರಲ್ಲ, ನನ್ನ ಚಿಮಣಿಯಿಂದ ಹೊಗೆ ಬರದಿರುವುದನ್ನು ಕಂಡು ಬಂದಿದ್ದರು. ಒಳಗೆ ಬಂದು ಒಲೆಯ ಬೂದಿ ತೆಗೆದು, ತಮ್ಮ ದೋಣಿಯಿಂದ ತಂದ ಕಲ್ಲಿದ್ದಲು ಹಾಕಿ ಹೊತ್ತಿಸಿ, ನೀರಿನ ಕೆಟಲ್ ಇಟ್ಟು ಹೋದರು. ಅಂದಿನಿಂದ ನಾನೂ ಬೆಳಿಗ್ಗೆ ಎದ್ದ ಕೂಡಲೇ ಸಾಲಿನ ಚಿಮಣಿಗಳನ್ನೆಲ್ಲ ಒಮ್ಮೆ ನೋಡುತ್ತೇನೆ. ರಾತ್ರಿ ಗಾಳಿ ಎದ್ದರೆ ಊರಿಗೆ ಹೋದವರ ದೋಣಿಯ ಹಗ್ಗವನ್ನು ಇದ್ದವರು ಬಿಗಿಯುತ್ತಾರೆ. ಕೊಳಾಯಿ ಹೆಪ್ಪುಗಟ್ಟಿದ ದಿನ ಒಬ್ಬರ ಟ್ಯಾಂಕಿನ ನೀರು ಇನ್ನೊಬ್ಬರ ಕೊಡಕ್ಕೆ ಹೋಗುತ್ತದೆ. ಹೌದು, ಹಗ್ಗ ಬಿಚ್ಚಿಕೊಂಡು ಹೋಗುವವರೂ ಇದ್ದಾರೆ, ಹೋದಾಗ ಜೀವಕ್ಕೆ ಬೇಸರವಾಗುತ್ತದೆ. ಆದರೆ ಅವರು ತಾವಾಗಿ ಹೋಗುತ್ತಾರೆ, ಯಾರೂ ಎಬ್ಬಿಸಿ ಕಳಿಸುವುದಿಲ್ಲ.

ಆದರೂ ಮಗನನ್ನು ಒಂದು ಮಾತು ಕೇಳಲೇಬೇಕು: ದೋಣಿ ಕಟ್ಟಿದ ಜಾಗ ವಾಸಕ್ಕೆ ಅನುಮತಿ ಇರುವುದೋ, ವಿರಾಮಕ್ಕೆ ಬಂದು ಹೋಗುವವರಿಗಾಗಿ ಕೊಟ್ಟದ್ದೋ? ಎಷ್ಟೋ ಮರೀನಾಗಳಲ್ಲಿ ಎರಡನೆಯದೇ ಹೆಚ್ಚು. ವಾಸದ ಜಾಗವಾದರೆ ವಿಳಾಸ, ಅಂಚೆ, ವೈದ್ಯರ ಬಳಿಯ ನೋಂದಣಿ ಎಲ್ಲವೂ ಸರಳ. ಯಾವ ಕಾಯಂ ಜಾಗವೂ ಇಲ್ಲದೆ ಕಾಲುವೆಯಲ್ಲಿ ಸಂಚರಿಸುತ್ತ ಬದುಕುವವರು ಇಲ್ಲಿನ 1995ರ ಜಲಮಾರ್ಗ ಕಾಯ್ದೆಯ ಪ್ರಕಾರ ಒಂದೇ ಸ್ಥಳದಲ್ಲಿ ಸಾಮಾನ್ಯವಾಗಿ 14 ದಿನಗಳಿಗಿಂತ ಹೆಚ್ಚು ನಿಲ್ಲುವಂತಿಲ್ಲ; ಅದು ಬೇರೆಯೇ ಜೀವನ, ನಿಮ್ಮ ಮಗನದು ಹಾಗಲ್ಲವೆಂದು ಕಾಣುತ್ತದೆ.

ಉತ್ತರ 2: ನಿವೃತ್ತ ಹಡಗು ಎಂಜಿನಿಯರ್, ವಿಜಯಪುರ

ಗೋಕಾಕದ ಸಹೋದರರು ನೆರೆಹೊರೆಯ ಬಗ್ಗೆ ಬರೆದದ್ದು ಮನಸ್ಸಿಗೆ ಹಿಡಿಸಿತು. ಆದರೆ ನೀವು ನೀರಿಗೆ ಅಂಜುತ್ತಿದ್ದೀರಿ. ನಾನು ದೋಣಿಯಲ್ಲಿ ಅಂಜುವುದು ಬೆಂಕಿಗೆ ಮತ್ತು ಕೆಟ್ಟ ಗಾಳಿಗೆ.

ನಮ್ಮ ಕಡೆಯ ಹಿರಿಯರು ಚಳಿ ದೇಶಕ್ಕೆ ಹೋದಾಗ ಮಾಡುವ ಒಂದು ಕೆಲಸವಿದೆ: ಎಲ್ಲಿಂದ ಗಾಳಿ ಬರುತ್ತದೆಯೋ ಅಲ್ಲಿಗೆ ಹಳೆಯ ಬಟ್ಟೆ ತುರುಕುತ್ತಾರೆ. ದೋಣಿಯಲ್ಲಿ ದಯವಿಟ್ಟು ಇದನ್ನು ಮಾಡಬೇಡಿ. ಮಾಡಿನಲ್ಲಿ ಕಾಣುವ ಅಣಬೆಯಾಕಾರದ ಕಿಂಡಿಗಳು ಮತ್ತು ಬಾಗಿಲಿನ ಕೆಳಗಿನ ಜಾಲರಿಗಳು ಇರುವುದೇ ಒಲೆ ಉರಿಯುವಾಗ ಒಳಗೆ ಹೊಸ ಗಾಳಿ ಬರಲೆಂದು. ಅವು ಮುಚ್ಚಿದರೆ ಕಲ್ಲಿದ್ದಲಿನ ಒಲೆಯಿಂದ ಕಾರ್ಬನ್ ಮೊನಾಕ್ಸೈಡ್ ತುಂಬಬಹುದು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಮಲಗಿದವರು ಏಳುವುದೇ ಇಲ್ಲ. ಅಲ್ಲಿನ ದೋಣಿ ಸುರಕ್ಷತಾ ಪ್ರಮಾಣಪತ್ರವನ್ನು ನಾಲ್ಕು ವರ್ಷಗಳಿಗೊಮ್ಮೆ ಪಡೆಯಬೇಕು, 2019ರಿಂದ ಈ ಅನಿಲದ ಅಲಾರಂ ಕೂಡ ಅದರ ತಪಾಸಣೆಗೆ ಸೇರಿದೆ. ಹೋದ ದಿನವೇ ಮಗನಿಂದ ಅಲಾರಂನ ಗುಂಡಿ ಒತ್ತಿಸಿ ಸದ್ದು ಕೇಳಿ.

ಅಡುಗೆ ಅನಿಲ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲು ತೆರೆದಾಗ ಹೊಸ್ತಿಲು ದಾಟಿ ಹೊರಗೆ ಹೋದೀತು. ದೋಣಿ ಬಟ್ಟಲಿದ್ದಂತೆ, ಸೋರಿದ್ದು ತಳದಲ್ಲಿ ನಿಲ್ಲುತ್ತದೆ. ಆದ್ದರಿಂದಲೇ ಸಿಲಿಂಡರ್‌ಗಳನ್ನು ಮುಂಬದಿಯಲ್ಲಿ ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟು, ಸೋರಿದ್ದು ನೇರವಾಗಿ ಹೊರಗೆ ಹೋಗುವಂತೆ ಅದಕ್ಕೆ ರಂಧ್ರ ಬಿಟ್ಟಿರುತ್ತಾರೆ. ಆ ಪೆಟ್ಟಿಗೆಯಲ್ಲಿ ಬೇರೆ ಸಾಮಾನು ತುಂಬಿ ರಂಧ್ರ ಮುಚ್ಚದಂತೆ ನೋಡಿಕೊಳ್ಳಬೇಕು.

ಇನ್ನು ಹಳೆಯ ದೋಣಿ ಎಂದಿರಿ. ಉಕ್ಕಿನ ನ್ಯಾರೋಬೋಟ್‌ಗೆ ಸಾಮಾನ್ಯವಾಗಿ ತಳಕ್ಕೆ 10, ಪಕ್ಕಕ್ಕೆ 6, ಮಾಡಿಗೆ 4 ಮಿಲಿಮೀಟರ್ ತಗಡು ಇರುತ್ತದೆ. ನೀರೊಳಗಿನ ಭಾಗ ಸವೆಯುತ್ತ ಹೋಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ದೋಣಿಯನ್ನು ಮೇಲೆತ್ತಿ ತಿಕ್ಕಿ ಕಪ್ಪು ಡಾಂಬರು ಬಳಿಯಬೇಕು, ಮತ್ತು ದೋಣಿಯ ಬದಲು ತಾನು ಸವೆಯಲೆಂದು ಬೆಸೆದಿರುವ ಮೆಗ್ನೀಸಿಯಂ ಗಟ್ಟಿಗಳು ಎಷ್ಟು ಉಳಿದಿವೆಯೆಂದು ನೋಡಬೇಕು. ಮರೀನಾದಲ್ಲಿ ಎಲ್ಲ ದೋಣಿಗಳಿಗೂ ದಂಡೆಯಿಂದ ಕರೆಂಟ್ ಬರುವುದರಿಂದ ಭೂಸಂಪರ್ಕದ ತಂತಿಯ ಮೂಲಕ ಒಂದರ ತಗಡು ಇನ್ನೊಂದಕ್ಕೆ ಜೋಡಣೆಯಾಗಿ ಸವೆತ ಬೇಗ ಆಗುವುದುಂಟು. ಅದನ್ನು ತಡೆಯುವ ಗ್ಯಾಲ್ವಾನಿಕ್ ಐಸೊಲೇಟರ್ ಹಾಕಿದ್ದಾನೆಯೇ ಎಂದು ಕೇಳಿ. ಕೊಳ್ಳುವ ಮೊದಲು ತಗಡಿನ ದಪ್ಪ ಅಳೆಸಿದ ವರದಿ ಅವನ ಬಳಿ ಇದ್ದರೆ ಅವನು ವಿಚಾರವಂತನೆಂದು ತಿಳಿದು ನೀವು ನಿಶ್ಚಿಂತೆಯಿಂದಿರಿ. ಇದು ನವನಗರದ ನಿವೇಶನವಲ್ಲ, ವರ್ಷ ಕಳೆದಂತೆ ಬೆಲೆ ಏರುವ ಆಸ್ತಿಯೆಂದು ಎಣಿಸಬಾರದು. ಅವನು ವಾಸಕ್ಕಾಗಿ ಕೊಂಡಿದ್ದರೆ ಸರಿಯಾದದ್ದನ್ನೇ ಮಾಡಿದ್ದಾನೆ.

ಉತ್ತರ 3: ಗೃಹಿಣಿ, ಟಿಳಕವಾಡಿ, ಬೆಳಗಾವಿ

ಗುರುಗಳೇ, ನನ್ನ ಉತ್ತರವನ್ನು ಅಕ್ಕನವರಿಗೆ ಓದಿ ಹೇಳಿರಿ. ನಾನು ಮಗಳು ಅಳಿಯ ಇರುವ ದೋಣಿಯಲ್ಲಿ ಎರಡು ತಿಂಗಳು ಇದ್ದು ಬಂದವಳು.

ಅಕ್ಕಾ, ಶೌಚದ ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಕಮೋಡ್ ಮನೆಯಲ್ಲಿದ್ದಂತೆಯೇ ಇರುತ್ತದೆ, ಆದರೆ ಅದರ ಕೆಳಗೆ ಸೂಟ್‌ಕೇಸಿನಂಥ ಒಂದು ಡಬ್ಬಿ ಇರುತ್ತದೆ. ಅದು ತುಂಬಿದಾಗ ಹೊರತೆಗೆದು, ಮರೀನಾದಲ್ಲಿ ಅದಕ್ಕೆಂದೇ ಇರುವ ಜಾಗದಲ್ಲಿ ಸುರಿದು ತೊಳೆದು ತರಬೇಕು. ಕೆಲವರ ದೋಣಿಯಲ್ಲಿ ದೊಡ್ಡ ಟ್ಯಾಂಕೇ ಇದ್ದು ಅದನ್ನು ಯಂತ್ರದಿಂದ ಹೀರಿಸುತ್ತಾರೆ. ನಾಲ್ಕು ಜನ ಇದ್ದರೆ ಡಬ್ಬಿ ಬೇಗ ತುಂಬುತ್ತದೆ, ನಾವು ತೊಳೆಯಲು ನೀರು ಬಳಸುವವರಾದ್ದರಿಂದ ಇನ್ನೂ ಬೇಗ. ಅಳಿಯ ಆ ಡಬ್ಬಿ ಹಿಡಿದುಕೊಂಡು ಹೋಗುವುದನ್ನು ಮೊದಲ ದಿನ ನೋಡಿ ನನಗೆ ನಾಚಿಕೆಯಿಂದ ಊಟ ಸೇರಲಿಲ್ಲ. ಅಲ್ಲಿ ಎಲ್ಲರೂ ಮಾಡುವ ಕೆಲಸ ಅದು, ಅದರಲ್ಲಿ ಮೇಲು ಕೀಳು ಎಂಬುದಿಲ್ಲವೆಂದು ಕಂಡ ಮೇಲೆ ಸಮಾಧಾನವಾಯಿತು.

ಒಳಗೆ ಪಸೆ ಬಹಳ. ಅನ್ನ ಮಾಡಿದರೆ ಕಿಟಕಿಯ ಚೌಕಟ್ಟಿನಲ್ಲಿ ಹನಿ ಸಾಲುಗಟ್ಟಿ ನಿಲ್ಲುತ್ತವೆ. ನಾನು ಒಯ್ದಿದ್ದ ಖಡಕ್ ರೊಟ್ಟಿ ಮೂರೇ ದಿನಕ್ಕೆ ಮೆತ್ತಗಾದವು. ಹಂಚಿನ ಮೇಲೆ ಮತ್ತೆ ಒಣಗಿಸಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿದ ಮೇಲೆ ಉಳಿದವು. ಎಣ್ಣೆ ಜಿಡ್ಡನ್ನು ಸಿಂಕಿಗೆ ಚೆಲ್ಲಬೇಡಿರಿ, ಪಾತ್ರೆ ತೊಳೆದ ನೀರು ನೇರವಾಗಿ ಕಾಲುವೆಗೇ ಹೋಗುತ್ತದೆ, ಅಲ್ಲಿ ಬಾತುಕೋಳಿಗಳಿರುತ್ತವೆ.

ನೆರೆಯವರ ವಿಷಯ ನನಗೆ ರೊಟ್ಟಿಯಿಂದಲೇ ಗೊತ್ತಾಯಿತು. ಮೊದಲ ಸಲ ರೊಟ್ಟಿ ತಟ್ಟಿದಾಗ ದೋಣಿಯ ತಗಡೆಲ್ಲ ಡಬಡಬ ಅಂದಿತು. ಪಕ್ಕದ ದೋಣಿಯ ಅಜ್ಜಿ ಏನು ಕೆಟ್ಟಿತೋ ಎಂದು ಕಟ್ಟೆಯ ಮೇಲೆ ಬಂದು ನಿಂತರು. ಮಗಳು ಕಿಟಕಿ ತೆಗೆದು ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಚ್ಚಿ ಕೈಗೆ ಕೊಟ್ಟಳು. ಮರುದಿನದಿಂದ ನಾನು ತಟ್ಟುವ ಸದ್ದು ಕೇಳಿದರೆ ಅವರು ತಮ್ಮ ಹೊಲಿಗೆ ಹಿಡಿದುಕೊಂಡು ಬಂದು ಮುಂಬದಿಯಲ್ಲಿ ಕೂಡುತ್ತಿದ್ದರು. ನನಗೆ ಅವರ ಭಾಷೆ ಬಾರದು, ಅವರಿಗೆ ನನ್ನದು ಬಾರದು, ಎರಡು ತಿಂಗಳು ಚೆಂದ ಕಳೆಯಿತು. ಒಂದು ರೀತಿ ಮಾತ್ರ ತಿಳಿದಿರಲಿ: ಎಷ್ಟೇ ಸಲಿಗೆ ಇದ್ದರೂ ಕರೆಯದೆ ಇನ್ನೊಬ್ಬರ ದೋಣಿಯ ಮೇಲೆ ಕಾಲಿಡಬಾರದು. ಕಾಲಿಟ್ಟ ಕೂಡಲೇ ದೋಣಿ ಓಲುತ್ತದೆ, ಒಳಗಿದ್ದವರಿಗೆ ತಿಳಿದುಬಿಡುತ್ತದೆ. ಪಕ್ಕಕ್ಕೆ ತಟ್ಟಿ, ಕಟ್ಟೆಯ ಮೇಲೆಯೇ ನಿಲ್ಲಬೇಕು. ಹಾಗೆಯೇ ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಯಾರೂ ಎಂಜಿನ್ ಹಚ್ಚುವುದಿಲ್ಲ. ಒಬ್ಬರ ಸದ್ದು ಎಲ್ಲರ ಹಾಸಿಗೆಗೆ ಕೇಳಿಸುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೈಮುಗಿಯುತ್ತೇನೆ. ನಿನ್ನೆ ರಾತ್ರಿ ಮಗನಿಗೆ ಫೋನ್ ಮಾಡಿ ನೀವು ಹೇಳಿದ್ದನ್ನೆಲ್ಲ ಕೇಳಿದೆ. ಮರೀನಾ ಕಾಲುವೆಯದು, ನದಿಯದಲ್ಲ. ಜಾಗ ವಾಸಕ್ಕೆ ಅನುಮತಿ ಇರುವಂಥದ್ದು. ತಗಡಿನ ದಪ್ಪದ ವರದಿ ಇದೆ. ಐಸೊಲೇಟರ್ ಇಲ್ಲವೆಂದು ಒಪ್ಪಿಕೊಂಡ, ಈ ತಿಂಗಳೇ ಹಾಕಿಸುತ್ತಾನೆ.

ಮನೆಯವರು ಟಿಳಕವಾಡಿಯ ತಂಗಿಯವರ ಉತ್ತರವನ್ನು ಎರಡು ಸಲ ಓದಿಸಿದರು. ಆಮೇಲೆ ವಿಡಿಯೋ ಕರೆ ಮಾಡಿ, ಕಟ್ಟೆಯ ಗುಂಟ ನಡೆದು ಅಕ್ಕಪಕ್ಕದ ದೋಣಿಗಳನ್ನು ತೋರಿಸೆಂದು ಮಗನಿಗೆ ಹೇಳಿದರು. ಅಲ್ಲಿ ಆಗ ಸಂಜೆ. ಒಂದೆರಡು ದೋಣಿಗಳವರು ಹೊರಗೆ ಬಂದು ಕೈಬೀಸಿದರು. ಮನೆಯವರು ಒಂದೊಂದು ಚಿಮಣಿಯನ್ನೂ ತೋರಿಸಲು ಹೇಳಿ, ಯಾರ ಮನೆಯಲ್ಲಿ ಎಷ್ಟು ಜನ, ಒಬ್ಬರೇ ಇರುವವರು ಯಾರು ಎಂದೆಲ್ಲ ವಿಚಾರಿಸಿದರು. ಮೊದಲು ಒಂದು ತಿಂಗಳು ಇದ್ದು ನೋಡುವುದು, ಮೊಣಕಾಲು ತಡೆದರೆ ಉಳಿದ ಎರಡು ತಿಂಗಳು ಎಂದು ತೀರ್ಮಾನವಾಗಿದೆ. ಒಂದೇ ಸಂಶಯ ಉಳಿದಿದೆ: ಚಪ್ಪಲಿ ಸಾಕೇ, ಬೂಟು ಬೇಕೇ?

ಉತ್ತರ: ಗೋಕಾಕದವನು

ಗುರುಗಳೇ, ಚಪ್ಪಲಿ ಬೇಡ. ಬೆಳಗಿನ ಇಬ್ಬನಿಗೆ ಕಟ್ಟೆಯ ಹಲಗೆ ಪಾಚಿಗಟ್ಟಿದಂತೆ ಜಾರುತ್ತದೆ. ಇಬ್ಬರಿಗೂ ತಳದಲ್ಲಿ ಗೆರೆಗೆರೆ ರಬ್ಬರ್ ಇರುವ, ಹಿಮ್ಮಡಿ ಮುಚ್ಚುವ ಬೂಟು ಕೊಳ್ಳಿ. ತಾಯಿಯವರು ಸೀರೆಯನ್ನು ಒಂದು ಅಂಗುಲ ಮೇಲಕ್ಕೆ ಉಡಲಿ. ಹತ್ತುವಾಗ ಇಳಿಯುವಾಗ ಒಂದು ಕೈ ಯಾವಾಗಲೂ ಹಿಡಿಕೆಯ ಮೇಲಿರಲಿ, ಎರಡೂ ಕೈಯಲ್ಲಿ ಸಾಮಾನು ಹಿಡಿಯಬೇಡಿ. ಕಾಲುವೆಯ ನೀರಿನಲ್ಲಿ ಕೈಯಾಡಿಸಿದರೆ ಊಟಕ್ಕೆ ಮುಂಚೆ ಸಾಬೂನು ಹಚ್ಚಿ ತೊಳೆಯಿರಿ, ನಮ್ಮ ಊರ ಕಡೆಯ ಇಲಿಜ್ವರ ಇಲ್ಲಿಯೂ ಇದೆ.