ಪ್ರೆಸ್‌ನೋಟ್ ಮೇಲೆ ಡಿಸರ್ಟೇಶನ್: ಸರ್ವೆ ಸಾಕೆ, ಕಂಟೆಂಟ್ ಅನಾಲಿಸಿಸ್ ಬೇಕೆ?

ಕೊನೆಸೆಮ್:
ಎಂ.ಎ. ಪತ್ರಿಕೋದ್ಯಮ, ನಾಲ್ಕನೇ ಸೆಮಿಸ್ಟರ್. ‘ಸರ್ಕಾರಿ ಸಾರ್ವಜನಿಕ ಸಂಪರ್ಕದಲ್ಲಿ ಮಾಧ್ಯಮಗಳ ಪಾತ್ರ’ ತೀರಾ ದೊಡ್ಡದಾಯಿತು, ಕತ್ತರಿಸಿ ತನ್ನಿ ಅಂದಿದ್ದಾರೆ ಗೈಡ್. ವಾರ್ತಾ ಇಲಾಖೆಯ ಒಂದು ಜಿಲ್ಲಾ ಕಚೇರಿ ಕಳಿಸುವ ಪ್ರೆಸ್‌ನೋಟ್‌ಗಳು ಪತ್ರಿಕೆಗಳಲ್ಲಿ ಏನಾಗುತ್ತವೆ ಅಂತ ನೋಡುವ ಯೋಚನೆ. ವರದಿಗಾರರಿಗೆ ಗೂಗಲ್ ಫಾರ್ಮ್ ಕಳಿಸಿದರೆ ಸಾಕಾ? ಕೈಲಿರುವುದು ಮೂರು ತಿಂಗಳು.

ಡೆಸ್ಕ್‌ಬದಿ:
ಫಾರ್ಮ್ ಬಿಡಿ. ‘ಪ್ರೆಸ್‌ನೋಟನ್ನು ಹಾಗೇ ಹಾಕುತ್ತೀರಾ?’ ಅಂತ ಕೇಳಿದರೆ ಯಾವ ವರದಿಗಾರ ಹೌದು ಅಂತಾನೆ? ಅಚ್ಚಾದ ಪುಟವನ್ನೇ ನಿಯಮವಿಟ್ಟು ಎಣಿಸಿ ನೋಡಿ, ಅದೇ ಕಂಟೆಂಟ್ ಅನಾಲಿಸಿಸ್.

ಒಂದು ಜಿಲ್ಲೆ, ಎರಡು ದಿನಪತ್ರಿಕೆ ಸಾಕು. ಮೈಸೂರಾದರೆ ಪ್ರಜಾವಾಣಿಯ ಅಲ್ಲಿನ ಆವೃತ್ತಿ ಮತ್ತು ಆಂದೋಲನ. ಒಂದು ರಾಜ್ಯಮಟ್ಟದ್ದು, ಒಂದು ಸ್ಥಳೀಯ, ಹೋಲಿಕೆಗೆ ಅರ್ಥ ಬರುತ್ತದೆ. ಆರು ತಿಂಗಳ ಎಲ್ಲ ಸೋಮವಾರಗಳನ್ನು ಪಟ್ಟಿ ಮಾಡಿ ಚೀಟಿ ಎತ್ತಿ ಒಂದನ್ನು ತೆಗೆಯಿರಿ, ಹಾಗೇ ಭಾನುವಾರದವರೆಗೆ. ಇದೇ ಕನ್‌ಸ್ಟ್ರಕ್ಟೆಡ್ ವೀಕ್. ಎರಡು ಸಲ ಮಾಡಿದರೆ 14 ದಿನ, 28 ಸಂಚಿಕೆ. ಸತತ ಎರಡು ವಾರ ತಗೊಂಡು ಮಧ್ಯೆ ದಸರಾ ಬಿದ್ದರೆ ಲೆಕ್ಕವೆಲ್ಲ ವಾಲಿಬಿಡುತ್ತದೆ.

ಸಿದ್ಧಾಂತಕ್ಕೆ ಸಂವಹನ ವಿದ್ವಾಂಸ ಆಸ್ಕರ್ ಗ್ಯಾಂಡಿ 1982ರಲ್ಲಿ ಮುಂದಿಟ್ಟ ‘ಮಾಹಿತಿ ಸಬ್ಸಿಡಿ’ ಹಿಡಿಯಿರಿ. ಸುದ್ದಿ ಹುಡುಕುವ ಖರ್ಚನ್ನು ಮೂಲವೇ ಭರಿಸಿದರೆ ಆ ಸುದ್ದಿ ಪುಟಕ್ಕೆ ಸುಲಭವಾಗಿ ಬರುತ್ತದೆ ಅನ್ನುವ ವಾದ. ಮಾಧ್ಯಮ ಒತ್ತಿ ಹೇಳಿದ್ದೇ ಜನರಿಗೂ ಮುಖ್ಯವಾಗುತ್ತದೆ ಅನ್ನುವ ಅಜೆಂಡಾ ಸೆಟ್ಟಿಂಗ್ ಬೇಡ. ಅದಕ್ಕೆ ಓದುಗರ ಅಭಿಪ್ರಾಯವನ್ನೂ ಅಳೆಯಬೇಕು, ಆ ಡೇಟಾ ನಿಮ್ಮಲ್ಲಿಲ್ಲ. ವೈವಾದಲ್ಲಿ ಮೊದಲ ಪೆಟ್ಟು ಬೀಳುವುದು ಅಲ್ಲೇ.

ಕೋಡ್‌ಶೀಟ್:
ಫಾರ್ಮ್ ಬಗ್ಗೆ, ಗ್ಯಾಂಡಿ ಬಗ್ಗೆ ತಕರಾರಿಲ್ಲ. ಸ್ಯಾಂಪ್ಲಿಂಗ್ ಮಾತ್ರ ಒಪ್ಪಲಾರೆ. ‘ಜಿಲ್ಲಾ ಸುದ್ದಿಯಲ್ಲಿ ಪ್ರೆಸ್‌ನೋಟಿನ ಪಾಲೆಷ್ಟು’ ಎಂಬ ಪ್ರಶ್ನೆಗೆ ಕನ್‌ಸ್ಟ್ರಕ್ಟೆಡ್ ವೀಕ್ ಸರಿ. ಇಲ್ಲಿ ಕೇಳಿರುವುದು ‘ನೋಟ್ ಏನಾಗುತ್ತದೆ’ ಅಂತ. ಸೋಮವಾರ ಸಂಜೆ ಕಳಿಸಿದ್ದು ಮಂಗಳವಾರ ಜಾಗ ಸಿಗದೆ ಗುರುವಾರ ಬರಬಹುದು. ಚೀಟಿಯಲ್ಲಿ ಆ ಗುರುವಾರ ಎದ್ದಿಲ್ಲದಿದ್ದರೆ ‘ಪ್ರಕಟವಾಗಿಲ್ಲ’ ಅಂತ ಸುಳ್ಳು ಕೋಡ್ (ದಾಖಲಿಸುವ ಅಂಕೆ) ಬೀಳುತ್ತದೆ. ಆದ್ದರಿಂದ ಆರಿಸಬೇಕಾದದ್ದು ನೋಟ್‌ಗಳನ್ನು. ಕಚೇರಿಯಿಂದ ಪೂರ್ತಿ ಪಟ್ಟಿ ಪಡೆದು, ಸುಮಾರು 60 ಆರಿಸಿ, ಪ್ರತಿಯೊಂದನ್ನೂ ಮುಂದಿನ ಐದು ಸಂಚಿಕೆಗಳಲ್ಲಿ ಹುಡುಕಿ.

ಕೋಡ್ ನಾಲ್ಕೇ ಇರಲಿ: 0 ಬಂದಿಲ್ಲ, 1 ಹಾಗೇ ಬಂದಿದೆ, 2 ಕತ್ತರಿಸಿ ಬಂದಿದೆ, 3 ಪತ್ರಿಕೆ ತನ್ನದನ್ನು ಸೇರಿಸಿದೆ. ಜಗಳ ಬರುವುದು 2 ಮತ್ತು 3ರ ನಡುವೆ. ನೋಟಿನಲ್ಲಿಲ್ಲದ ವ್ಯಕ್ತಿ ಅಥವಾ ದಾಖಲೆ ಇದ್ದರೆ ಮಾತ್ರ 3. ಹೊಸ ಶೀರ್ಷಿಕೆ, ಹಳೇ ಫೋಟೊ ಲೆಕ್ಕಕ್ಕಿಲ್ಲ.

ಇನ್ನೊಂದು ಕಾಲಂ ಮರೆಯಬೇಡಿ: ಮೂಲದ ಉಲ್ಲೇಖ. ನೋಟಿನ ಕೊನೆಯಲ್ಲಿ ‘…ಎಂದು ಉಪನಿರ್ದೇಶಕರು ಪ್ರಕಟಣೆಯಲ್ಲಿ ತಿಳಿಸಿದ್ದಾರೆ’ ಅಂತಿರುತ್ತದೆ. ಪತ್ರಿಕೆ ಅದನ್ನು ಉಳಿಸಿಕೊಂಡಿದೆಯೋ, ತೆಗೆದು ಮೇಲೆ ತನ್ನ ಪ್ರತಿನಿಧಿಯ ಹೆಸರು ಹಾಕಿದೆಯೋ? ನನ್ನ ಪ್ರಕಾರ ಇಡೀ ಅಧ್ಯಯನದ ಜೀವ ಈ ಒಂದು ಕಾಲಂನಲ್ಲಿದೆ.

ನೋಟ್ ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಇಲ್ಲದಿದ್ದರೆ ಕನ್ನಡದಲ್ಲಿ ಹುಡುಕಿದರೆ ಏನೂ ಸಿಗದು. ಇ-ಪೇಪರ್ ಪುಟವನ್ನು ಅಂದಂದೇ ಇಳಿಸಿ, ದಿನಾಂಕ-ಪತ್ರಿಕೆ-ಆವೃತ್ತಿ-ಪುಟ ಅಂತ ಫೈಲ್ ಹೆಸರಿಡಿ. ಆವೃತ್ತಿ ಬರೆಯದಿದ್ದರೆ ಮುಂದೆ ಯಾವ ಊರಿನ ಪುಟವೆಂದು ಗೊತ್ತಾಗುವುದಿಲ್ಲ.

ಕೊನೆಸೆಮ್:
ಧನ್ಯವಾದ. ಅದೇ ಸುದ್ದಿಗಳಿಗೆ ಬೇರೆಯಾಗಿ ಕೋಡ್ ಹಾಕುವ ಎರಡನೇ ಕೋಡರ್ ಕಡ್ಡಾಯವಾ? 90% ಹೊಂದಿಕೆ ಬಂದರೆ ಸಾಕಲ್ಲವೇ?

ಕೋಡ್‌ಶೀಟ್:
ಕಡ್ಡಾಯ. 90 ಸಾಲದು, ಯಾಕೆಂದರೆ ಅದರಲ್ಲಿ ಅದೃಷ್ಟದ ಪಾಲಿದೆ. ‘ಹೊಸ ಮೂಲ ಇದೆಯೇ’ ಅಂತ 100 ಸುದ್ದಿ ನೋಡಿದಿರಿ ಅನ್ನಿ. ಇಬ್ಬರೂ ಇಲ್ಲ ಅಂದದ್ದು 85, ಇಬ್ಬರೂ ಇದೆ ಅಂದದ್ದು 5. ಉಳಿದ 10ರಲ್ಲಿ ಐದು ಎರಡನೇ ಕೋಡರ್‌ಗೆ ಮಾತ್ರ ಕಂಡದ್ದು, ಐದು ನಿಮಗೆ ಮಾತ್ರ. ಅಂದರೆ ಇಬ್ಬರೂ ತಲಾ 90 ಬಾರಿ ‘ಇಲ್ಲ’ ಅಂದಿದ್ದೀರಿ. ಆಕಸ್ಮಿಕವಾಗಿಯೇ ಹೊಂದುವ ಪ್ರಮಾಣ ‘ಇಲ್ಲ’ಕ್ಕೆ 0.9 × 0.9, ‘ಇದೆ’ಗೆ 0.1 × 0.1, ಒಟ್ಟು 0.81 + 0.01 = 0.82. ಅದೃಷ್ಟದ ಪಾಲು ಕಳೆದು ಹೊಂದಿಕೆ ಅಳೆಯುವ ಕೋಹೆನ್ ಕಪ್ಪಾ (0.90 − 0.82) ÷ 0.18, ಅಂದರೆ 0.44. ಇದು ಕಳಪೆ. ಇಂಥದ್ದೇ ಇನ್ನೊಂದು ಅಳತೆಯಾದ ಕ್ರಿಪೆನ್‌ಡಾರ್ಫ್ ಆಲ್ಫಾ ಬಳಸಿದರೆ 0.80 ಗುರಿ, 0.667ಕ್ಕಿಂತ ಕೆಳಗೆ ಬಂದರೆ ಆ ಕಾಲಂ ಕೈಬಿಡಿ. ಮುಖ್ಯ ಸ್ಯಾಂಪಲ್‌ನಲ್ಲಿಲ್ಲದ 15 ನೋಟ್‌ಗಳ ಮೇಲೆ ಮೊದಲು ಇಬ್ಬರೂ ಕೋಡ್ ಮಾಡಿ, ಎಲ್ಲಿ ಒಡೆಯುತ್ತದೋ ಅಲ್ಲಿ ನಿಯಮ ತಿದ್ದಿ. ಆಮೇಲೆ ಅಸಲಿ ಕೆಲಸ.

ಡೆಸ್ಕ್‌ಬದಿ:
ಸ್ಯಾಂಪ್ಲಿಂಗ್ ವಿಷಯದಲ್ಲಿ ಕೋಡ್‌ಶೀಟ್ ಹೇಳಿದ್ದೇ ಸರಿ, ಹಾಗೇ ಮಾಡಿ. ಸುದ್ದಿಯ ಗಾತ್ರವನ್ನು ಕಾಲಂ ಸೆಂಟಿಮೀಟರ್‌ನಲ್ಲಿ ಅಳೆಯಿರಿ, ಆದರೆ ಅದನ್ನು ಜಾಹೀರಾತು ದರದಿಂದ ಗುಣಿಸಿ ‘ಇಷ್ಟು ಲಕ್ಷದ ಪ್ರಚಾರ’ ಅಂತ ಬರೆಯಬೇಡಿ. ಎವಿಇ (ಜಾಹೀರಾತು ಮೌಲ್ಯ ಸಮಾನತೆ) ಎನ್ನುವ ಈ ಲೆಕ್ಕ ಪಿಆರ್‌ನ, ಅಂದರೆ ಸಾರ್ವಜನಿಕ ಸಂಪರ್ಕದ, ಮೌಲ್ಯವಲ್ಲ ಎಂದು ಪಿಆರ್ ಅಳತೆಯ ಬಗೆಗಿನ 2010ರ ಬಾರ್ಸಿಲೋನಾ ತತ್ವಗಳಲ್ಲೇ ಹೇಳಲಾಗಿದೆ. ಏಜೆನ್ಸಿಗಳ ವರದಿಯಲ್ಲಿ ಇವತ್ತಿಗೂ ಕಾಣಿಸುತ್ತದೆ, ಅದು ಬೇರೆ ಮಾತು.

ಸಮಯ ಉಳಿದರೆ ಮೂರ್ನಾಲ್ಕು ಉಪಸಂಪಾದಕರ ಸಂದರ್ಶನ ಮಾಡಿ, ಕೋಡಿಂಗ್ ಮುಗಿದ ಮೇಲೆ. ನೋಟ್ ಮತ್ತು ಅದರ ಅಚ್ಚಾದ ರೂಪ ಎರಡನ್ನೂ ಮುಂದಿಟ್ಟು ‘ಈ ಪ್ಯಾರಾ ಯಾಕೆ ಹೋಯಿತು?’ ಅಂತ ಕೇಳಿ. ಬರಿಗೈಲಿ ಹೋದರೆ ಪತ್ರಿಕಾಧರ್ಮದ ಮೇಲೆ ಭಾಷಣ ಕೇಳಿಕೊಂಡು ಬರುತ್ತೀರಿ.